ಕರೆಂಟ್ ಆಫೀಸಿಗೆ ಸೋಲಾರ್ ಅರ್ಜಿ: ಬರೆಯುದು ಹೇಗೆ, ಕೊಡುದು ಎಲ್ಲಿ

ಹೋದ ಎಪ್ರಿಲಲ್ಲಿ ಕಾಸರಗೋಡಿನ ನಮ್ಮ ಊರಿಂದ ಒಂದು ಅರ್ಜಿ ಹೋಯ್ತು. ನೂರಿಪ್ಪತ್ತು ಸೈನು, ಸಂಘದ ಸೀಲು, ಒಳಗೆ "ಭೂಮಿ ಬಿಸಿಯಾಗ್ತಾ ಉಂಟು, ಸೌರಶಕ್ತಿಗೆ ಆದ್ಯತೆ ಕೊಡಬೇಕಾಗಿ ವಿನಂತಿ" ಅಂತ ಒಂದೂವರೆ ಪುಟ. ಕೊಟ್ಟದ್ದು ಸೆಕ್ಷನ್ ಆಫೀಸಿನ ಎಇ (ಅಸಿಸ್ಟೆಂಟ್ ಇಂಜಿನಿಯರ್) ಕೈಗೆ. ಪಾಪ, ಅವರೆಂತ ಮಾಡುದು ಮಾರಾಯ್ರೆ? ಅವರ ಕೈಯಲ್ಲಿರುದು ಕಂಬ, ತಂತಿ, ಫ್ಯೂಸು. ಕೇರಳದ ಕರೆಂಟ್ ಕಂಪೆನಿ ಕೆಎಸ್‌ಇಬಿ ದುಡ್ಡು ಎಲ್ಲಿ ಹಾಕಬೇಕು ಅಂತ ಲೆಕ್ಕ ಆಗುದು ತಿರುವನಂತಪುರದ ಪಟ್ಟಂನ ಹೆಡ್ ಆಫೀಸಲ್ಲಿ, ಅದಕ್ಕೆ ಒಪ್ಪಿಗೆ ಬೇಕಾದ್ದು ಕರೆಂಟಿನ ದರ ನಿಶ್ಚಯಿಸುವ ರೆಗ್ಯುಲೇಟರಿ ಕಮಿಷನಿಂದು.

ಮೊದಲು ಕಾಗದ ಒಟ್ಟು ಮಾಡಿ: ಒಂದು ವರ್ಷದ ಬಿಲ್ಲು, 13 ಅಂಕೆಯ ಕನ್ಸ್ಯೂಮರ್ ನಂಬ್ರ, ನಿಮ್ಮ ಟ್ರಾನ್ಸ್‌ಫಾರ್ಮರ್ ಎಷ್ಟು ಕೆವಿಎ, ಅಂದ್ರೆ ಎಷ್ಟು ಲೋಡು ತಡೀತದೆ ಅಂತ. ಅದು ಪ್ಲೇಟಲ್ಲಿ ಬರೆದಿರ್ತದೆ, ಕೆಳಗೆ ನಿಂತೇ ಓದಿ, ಹತ್ತಲಿಕ್ಕೆ ಹೋಗಬೇಡಿ.

ಎರಡನೇದು, ಎಂತ ಕೇಳುದು ಅನ್ನುದು. ಎಲ್ಲರೂ ಎಡವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಓದಿ. ಊರಿನ ಬೇಡಿಕೆ ಬೇರೆ, ರಾಜ್ಯದ ಬೇಡಿಕೆ ಬೇರೆ, ಎರಡನ್ನೂ ಒಂದೇ ಕಾಗದದಲ್ಲಿ ಕಲಸಬೇಡಿ. ಊರಿಂದು ಅಂದ್ರೆ ಟ್ರಾನ್ಸ್‌ಫಾರ್ಮರ್. ಮನೆ ಮೇಲೆ ಪ್ಯಾನೆಲ್ ಹಾಕುವವರು ಹೆಚ್ಚಾದಾಗ ಅದಕ್ಕೆ ತಡೆಯುದಿಲ್ಲ. ಕೇಂದ್ರದ 2024ರ ತಿದ್ದುಪಡಿ ನಿಯಮದಲ್ಲಿ 5 ಕಿಲೋವ್ಯಾಟ್ ವರೆಗಿನ ಸೋಲಾರಿಗೆ ಲೈನು ಬಲ ಮಾಡುವ ಖರ್ಚು ವಿತರಣಾ ಕಂಪೆನಿದೇ ಅಂತ ಉಂಟು. ಇದನ್ನೇ ಬರೆದು, ಪ್ಯಾನೆಲ್ ಹಾಕಲಿಕ್ಕೆ ತಯಾರಿರುವ ಮನೆಗಳ ಕನ್ಸ್ಯೂಮರ್ ನಂಬ್ರ ಕೆಳಗೆ ಹಾಕಿ ಎಇಗೆ ಕೊಡಿ. ನೂರು ಸೈನಿಗಿಂತ ಇಂಥ ಹತ್ತು ನಂಬ್ರ ಭಾರ.

ರಾಜ್ಯದ್ದು ಬೇರೆ ಕಥೆ. ಪೈವಳಿಕೆ, ಮೀಂಜ, ಚಿಪ್ಪಾರು ಸೇರಿ 250 ಎಕ್ರೆಯಲ್ಲಿ 50 ಮೆಗಾವ್ಯಾಟಿನ ಪಾರ್ಕು 2021ರಲ್ಲೇ ಉದ್ಘಾಟನೆ ಆಯ್ತು, ಕಾಞಂಗಾಡ್ ಕಡೆ ಅಂಬಲತ್ತರದಲ್ಲೂ ಒಂದು ಉಂಟು. ಹಾಗಾಗಿ "ಸೋಲಾರ್ ಮಾಡಿ" ಅಂದ್ರೆ "ಮಾಡಿದ್ದೇವಲ್ಲ" ಅಂತ ಉತ್ತರ ಬರ್ತದೆ, ಮುಗೀತು. ಆದ್ರೆ ಮಧ್ಯಾಹ್ನದ ಬಿಸಿಲು ರಾತ್ರಿ ಹತ್ತೂವರೆಗೆ ಎಸಿ ಓಡಿಸ್ತದಾ? ಆ ಹೊತ್ತಿನದನ್ನು ಹೊರಗಿಂದ ದುಬಾರಿಗೆ ತರಬೇಕು. ನನ್ನ ಕೇಳಿದ್ರೆ ಬ್ಯಾಟರಿಯನ್ನೇ ಕೇಳಿ. ನಮ್ಮ ಜಿಲ್ಲೆಯ ಮೈಲಾಟಿಗೇ 125 ಮೆಗಾವ್ಯಾಟ್, ಅಂದ್ರೆ ನಾಲ್ಕು ಗಂಟೆಗೆ 5 ಲಕ್ಷ ಯೂನಿಟ್ ಕೊಡುವ ಯೋಜನೆ ಹಾಕಿದ್ದಾರೆ, ಅದನ್ನು ಹೆಸರು ಹೇಳಿ ಎತ್ತಿ. ಬೇಡಿಕೆಯ ವಾಕ್ಯ ಹೀಗಿರಲಿ: "ಹೊರಗಿಂದ ಖರೀದಿಯ ಹೊಸ ಕರಾರಿಗೆ ಒಪ್ಪಿಗೆ ಕೊಡುವ ಮೊದಲು ಸೋಲಾರ್ ಮತ್ತು ಬ್ಯಾಟರಿ ಸೇರಿದ ದರವನ್ನು ಪಕ್ಕದಲ್ಲಿಟ್ಟು ತೋರಿಸಬೇಕು." 2029-30ಕ್ಕೆ ಬಳಸುವ ಕರೆಂಟಿನ 43.33 ಶೇಕಡ ನವೀಕರಿಸಬಹುದಾದ ಮೂಲದಿಂದ ಆಗ್ಬೇಕು ಅಂತ ಕೇಂದ್ರದ ಗುರಿ ಉಂಟು, ಅದನ್ನೂ ಒಂದು ಸಾಲು ಸೇರಿಸಿ.

ವಾಟ್ಸಾಪಲ್ಲಿ ಓಡಾಡುವ ರೆಡಿಮೇಡ್ ಅರ್ಜಿ ದಯವಿಟ್ಟು ಬೇಡ, ಐವತ್ತು ಜನ ಅದನ್ನೇ ಕಳಿಸಿದ್ರೆ ಒಂದೇ ಅಂತ ಕಟ್ಟಿಡ್ತಾರೆ. ಅರ್ಜಿ ಬರೆದು ಕೊಡ್ತೇನೆ ಅಂತ ಬಂದು ನಿಮ್ಮ ಮಾಡಿಗೆ ಪ್ಯಾನೆಲ್ ಮಾರುವವರನ್ನಂತೂ ಜಗಲಿಯಿಂದಲೇ ಕಳಿಸಿ.

ಮೂರನೇದು, ರಾಜ್ಯದ ಬೇಡಿಕೆಯನ್ನು ಕಮಿಷನಿಗೆ ಕಳಿಸುದು. 2003ರ ವಿದ್ಯುತ್ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ದರ ನಿಶ್ಚಯಿಸುವ ಮೊದಲು ಕಮಿಷನ್ ಜನರ ಸಲಹೆ, ಆಕ್ಷೇಪ ನೋಡಲೇಬೇಕು. ಪೇಪರಲ್ಲಿ ಪ್ರಕಟಣೆ ಬಂದಾಗ ಓಪಿ ನಂಬ್ರ (ಕಮಿಷನಿನ ಕೇಸಿನ ನಂಬ್ರ), ಕೊನೆ ದಿನ ಬರೆದಿಟ್ಟುಕೊಳ್ಳಿ, ಆ ನಂಬ್ರ ಕಾಗದದ ತಲೆಯಲ್ಲಿ ಇರಲೇಬೇಕು. ನೀವೇ ಹೋಗಿ ಮಾತಾಡ್ಬೇಕೂಂತ ಇಲ್ಲ, ಬರೆದು ಕಳಿಸಿದ್ರೂ ಆಗ್ತದೆ. ಕನ್ನಡದಲ್ಲೇ ಬರೆಯಿರಿ, 1969ರ ಭಾಷಾ ಕಾಯ್ದೆ ನಮಗೆ ಸರಕಾರಿ ಆಫೀಸುಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ಆದ್ರೆ ಕಮಿಷನಿಗೆ ಹೋಗುದಕ್ಕೆ ಒಂದು ಮಲಯಾಳ ಪ್ರತಿ ಪಿನ್ ಮಾಡಿ, ಹಠಕ್ಕಿಂತ ಕೆಲಸ ಆಗುದು ಮುಖ್ಯ. ಅನುವಾದಕ್ಕೆ ಶಾಲೆಯ ಮಲಯಾಳ ಟೀಚರನ್ನು ಕೇಳಿ, ಫೋನಿನ ಅನುವಾದ ನಂಬಿದ್ರೆ "ಲೋಡು" ಹೊರೆ ಆಗಿಬಿಡ್ತದೆ.

ಸ್ಪೀಡ್ ಪೋಸ್ಟಿನ ರಶೀದಿಯನ್ನು ಬಿಲ್ಲಿನ ಕಟ್ಟಿಗೇ ಸೇರಿಸಿಡಿ. ಫೋಟೋ ತೆಗೆದಿಟ್ಟಿದ್ದೇನೆ ಅನ್ನುವವರಿಗೆ ಆರು ತಿಂಗಳು ಕಳೆದ್ರೆ ಫೋನಲ್ಲಿ ಸಿಗುದು ಭೂತದ ನೇಮದ ಫೋಟೋ ಮಾತ್ರ.