ಎರಡು ಮನೆಯ ಮಗುವಿಗೆ ಹೊಗೆ ತಾಗದ ಹಾಗೆ: ಭೇಟಿ ಒಪ್ಪಂದ ಬರೆಯುವಾಗಿನ ನನ್ನ ಅನುಭವ

ದಂಪತಿ ಬೇರೆಯಾದ ಮೇಲೆ ಮಗುವಿನ ಭೇಟಿಯ ಒಪ್ಪಂದಕ್ಕೆ ‘ತಂದೆ ಧೂಮಪಾನ ಮಾಡತಕ್ಕದ್ದಲ್ಲ’ ಎಂಬ ಒಂದು ಸಾಲು ಸೇರಿಸುವುದು ಸುಲಭ. ಅದು ಒಂದು ವಾರವೂ ನಡೆಯುವುದಿಲ್ಲ. ಆ ಸಾಲನ್ನು ಕೈಬಿಟ್ಟು ಜಾಗ, ಹೊತ್ತು, ಬಟ್ಟೆ, ಕಾರು, ಗೋಡೆ ಎಂದು ಬಿಡಿಸಿ ಬರೆಯತೊಡಗಿದಾಗ ಎರಡೂ ಕಡೆಯ ವಕೀಲರು ‘ಇದೆಂಥದು ಮಾರಾಯ್ರೆ, ಬಾಡಿಗೆ ಕರಾರಾ?’ ಎಂದಿದ್ದರು. ಮಂಗಳೂರು, ಉಡುಪಿ ಕಡೆಯ ಮಧ್ಯಸ್ಥಿಕೆಗಳಲ್ಲಿ ಈಗ ಅವರೇ ನಮ್ಮ ಕರಡನ್ನು ಕೇಳಿ ಪಡೆದುಕೊಂಡು ಹೋಗುತ್ತಾರೆ. ಮಳೆಗಾಲ ದಾಟಿಯೂ ನಿಂತ ಕರಡು ಅದು.

2003ರ ಕೋಟ್ಪಾ, ಅಂದರೆ ತಂಬಾಕು ನಿಯಂತ್ರಣ ಕಾಯ್ದೆಯ ನಿಷೇಧ ಸಾರ್ವಜನಿಕ ಜಾಗಕ್ಕೆ ಮಾತ್ರ. ಮನೆಯೊಳಗೆ, ಸ್ವಂತ ಕಾರಿನೊಳಗೆ ಅದು ನಡೆಯುವುದಿಲ್ಲ. ಕೈಗೆ ಉಳಿಯುವುದು 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯ 17ನೇ ಕಲಮು, ಅಂದರೆ ಮಗುವಿನ ಹಿತ. ಅದನ್ನು ಹಿಡಿದು ವಾದಿಸಲು ಸಾಕ್ಷಿ ಬೇಕು. ಹೆಚ್ಚಿನವರ ದುಡ್ಡು ಹಾಳಾಗುವುದು ಆ ಸಾಕ್ಷಿ ಹುಡುಕುವುದರಲ್ಲೇ.

ಎಲ್ಲರೂ ಮೊದಲು ಓಡುವುದು ಮೂತ್ರದ ಕೊಟಿನಿನ್ ಪರೀಕ್ಷೆಗೆ. ನಿಕೋಟಿನ್ ದೇಹದೊಳಗೆ ಹೋದ ಮೇಲೆ ಆಗುವ ವಸ್ತು ಅದು. ಆನ್‌ಲೈನಿನಲ್ಲಿ ಸಿಗುವ ಪರೀಕ್ಷೆಯ ಪಟ್ಟಿಗಳು (ಸ್ಟ್ರಿಪ್) ಹೆಚ್ಚಾಗಿ ಮಿಲಿಲೀಟರಿಗೆ 200 ನ್ಯಾನೊಗ್ರಾಂ ಮಿತಿಯವು. ತಾನೇ ಸೇದುವವರನ್ನು ಹಿಡಿಯಲು ಮಾಡಿದ್ದು. ಬೇರೆಯವರ ಹೊಗೆ ಕುಡಿದ ಮಗುವಿನಲ್ಲಿ ಕೊಟಿನಿನ್ ಸಾಮಾನ್ಯವಾಗಿ ಒಂದಂಕಿ, ಹೆಚ್ಚೆಂದರೆ ಎರಡಂಕಿ. ಪಟ್ಟಿ ನೆಗೆಟಿವ್ ತೋರಿಸುತ್ತದೆ, ಎದುರು ಪಕ್ಷದವರು ಅದನ್ನೇ ಫೈಲಿಗೆ ಹಾಕುತ್ತಾರೆ. ಲ್ಯಾಬಿಗೆ ಕೊಟ್ಟರೆ ಎರಡು ಸಾವಿರದ ಆಸುಪಾಸು ಖರ್ಚು, ಜೊತೆಗೆ ಹೊತ್ತಿನ ಸಮಸ್ಯೆ. ಹೆಚ್ಚುಕಡಿಮೆ ದಿನಕ್ಕೆ ಅರ್ಧದ ಲೆಕ್ಕದಲ್ಲಿ ಅದು ದೇಹದಿಂದ ಇಳಿಯುತ್ತಾ ಹೋಗುತ್ತದೆ. ಭಾನುವಾರ ಸಂಜೆ ಮರಳಿದ ಮಗುವಿನ ಸ್ಯಾಂಪಲ್ ಬುಧವಾರ ಕೊಟ್ಟರೆ ಏನೂ ಸಿಗುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ ಕಡೆ ಇನ್ನೊಂದು ತೊಡಕಿದೆ. ತಾಯಿಮನೆಯಲ್ಲಿ ಅಜ್ಜಿ ಬೀಡಿ ಕಟ್ಟುತ್ತಿದ್ದರೆ, ತಡ್ಪೆಯ (ಬೀಡಿ ಕಟ್ಟುವ ಮೊರ) ಪಕ್ಕ ಆಡುವ ಮಗುವಿನ ಕೈಗೂ ಬಾಯಿಗೂ ಹೊಗೆಸೊಪ್ಪಿನ ಹುಡಿ ಹೋಗುತ್ತದೆ. ಆಮೇಲೆ ಬಂದ ಅಂಕಿ ಅಪ್ಪನ ಸಿಗರೇಟಿನದೋ ಅಜ್ಜಿಯ ತಡ್ಪೆಯದೋ, ಯಾವ ಡಾಕ್ಟರೂ ಹೇಳಲಾರರು. ಅಂಥ ಮನೆಗಳಲ್ಲಿ ಕೊಟಿನಿನ್ ಮಾತೇ ಬೇಡ. ಬೀಡಿ ಕಟ್ಟುವ ಕೋಣೆಗೆ ಮಗು ಹೋಗಬಾರದು, ಕಟ್ಟಿದವರು ಕೈ ತೊಳೆದೇ ಮಗುವನ್ನು ಮುಟ್ಟಬೇಕು ಎಂದು ಒಪ್ಪಂದದಲ್ಲೇ ಹಾಕುತ್ತೇವೆ.

ನಮ್ಮ ಕೆಲಸ ಹಗುರ ಮಾಡಿದ್ದು ಗಾಳಿಯ ಸೂಕ್ಷ್ಮ ಕಣ ಅಳೆಯುವ ಮೂರು-ನಾಲ್ಕು ಸಾವಿರದ ಪಿಎಂ 2.5 ಮೀಟರ್. ಅದರ ಅಂಕಿಯನ್ನು ಕೋರ್ಟಿಗೆ ಕೊಡುವುದಿಲ್ಲ, ಸೇದುವವರ ಕಣ್ಣೆದುರು ಇಡುತ್ತೇವೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯಲ್ಲಿ ಬಾಗಿಲು ಹಾಕಿ ಒಂದು ಸಿಗರೇಟು ಸೇದಿದರೆ ಅಂಕಿ 30ರಿಂದ 300–400ಕ್ಕೆ ಏರುತ್ತದೆ; ಎರಡು ಗಂಟೆ ಕಳೆದರೂ ಮೊದಲಿನ ಮಟ್ಟಕ್ಕೆ ಬರುವುದಿಲ್ಲ. ಸ್ಪ್ಲಿಟ್ ಎಸಿ ಹಾಕಿದರೂ ಅಷ್ಟೆ, ಅದು ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ. ‘ಕಿಟಕಿ ತೆರೆದೇ ಸೇದುವುದಲ್ವಾ’ ಎಂದು ವಾದಿಸುತ್ತಿದ್ದವರು ಆ ಅಂಕಿ ನೋಡಿದ ಮೇಲೆ ಮಾತು ಬದಲಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಎಚ್ಚರ ಬೇಕು: ನಮ್ಮ ಕಡೆಯ ತೇವಕ್ಕೆ ಈ ಅಗ್ಗದ ಲೇಸರ್ ಸೆನ್ಸರ್‌ಗಳು ಹೊಗೆ ಇಲ್ಲದೆಯೂ ಹೆಚ್ಚು ತೋರಿಸುತ್ತವೆ. ಮೊದಲು ಸಿಟ್‌ಔಟಿನಲ್ಲಿ ಕಾಲು ಗಂಟೆ ಇಟ್ಟು ಹೊರಗಿನ ಅಂಕಿ ಬರೆದುಕೊಳ್ಳಿ, ಆಮೇಲೆ ಒಳಗೆ. ಮೀನು ಹುರಿದು ಒಂದು ಗಂಟೆಯೂ ಆಗದಿದ್ದರೆ ಅಳೆಯಲೇ ಬೇಡಿ. ಕೋಣೆಯಲ್ಲಿ ಮೀಟರನ್ನು ಎಲ್ಲಿ ಇಡುತ್ತೇವೆ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೊಂದೇ ಮೂಲೆಯ ಕಿಟಕಿ ತೆರೆದಿಡುತ್ತಾರೆ.

ಅದೇ ಮೀಟರನ್ನು ತಾಯಿಯ ಮನೆಯಲ್ಲೂ ಇಟ್ಟಾಗಲೇ ಒಪ್ಪಂದಗಳು ಕೂಡಿಬರತೊಡಗಿದ್ದು. ಅಲ್ಲಿ ಸಿಗರೇಟು ಇರುವುದಿಲ್ಲ, ಸೊಳ್ಳೆ ಕಾಯಿಲ್ ಇರುತ್ತದೆ, ಅದೂ ಮಗುವಿನ ಮಂಚದ ಕೆಳಗೆ. ಒಂದು ಕಾಯಿಲ್ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಬಿಡುತ್ತದೆ ಎಂದು 2003ರಲ್ಲೇ ಅಳೆದು ತೋರಿಸಿದ್ದಾರೆ. ತಂದೆಯ ವಕೀಲರು ಇದನ್ನು ಹೇಗೂ ಎತ್ತುತ್ತಾರೆ, ನಾವೇ ಮೊದಲು ಎತ್ತುವುದು ಒಳ್ಳೆಯದು. ಎರಡೂ ಮನೆಯಲ್ಲಿ ಕಾಯಿಲ್ ಬಂದ್, ಸೊಳ್ಳೆಪರದೆ ಕಡ್ಡಾಯ. ಅಗರಬತ್ತಿ, ಲೋಬಾನ ದೇವರ ಕೋಣೆಗೆ ಮಾತ್ರ, ಮಗು ಮಲಗುವ ಕೋಣೆಗೆ ಇಲ್ಲ. ತನ್ನೊಬ್ಬನ ಮೇಲೆ ಷರತ್ತು ಬೀಳುತ್ತಿಲ್ಲ ಎಂದು ಕಂಡರೆ ತಂದೆ ಸಹಿ ಹಾಕುತ್ತಾರೆ. ಸಹಿಗೆ ಮುಂಚಿನ ಹತ್ತು ನಿಮಿಷ ಅವರ ಜೊತೆ ಏನು ಮಾತಾಡಬೇಕು ಎನ್ನುವುದು ನಮ್ಮಲ್ಲೇ ಇರಲಿ.

ಅಡ್ಡದಾರಿಗಳನ್ನೂ ನೋಡಿದ್ದಾಯಿತು. ಮಗುವಿನ ಕೋಣೆಯೊಂದನ್ನೇ ಹೊಗೆಮುಕ್ತ ಮಾಡಿ ಬಾಗಿಲ ಅಡಿಗೆ ರಬ್ಬರ್ ಪಟ್ಟಿ ಹೊಡೆಸಿದರೂ, ಹಾಲ್‌ನಲ್ಲಿ (ನಡುಮನೆಯಲ್ಲಿ) ಸೇದಿದ ಸ್ವಲ್ಪ ಹೊತ್ತಿಗೆ ಒಳಗಿನ ಮೀಟರ್ ಏರಿತು. ಹನ್ನೆರಡು ಸಾವಿರದ ಏರ್ ಪ್ಯೂರಿಫೈಯರ್ ಕಣ ಇಳಿಸುತ್ತದೆ, ಆವಿಯೂ ವಾಸನೆಯೂ ಉಳಿಯುತ್ತವೆ. ಮೆಷಿನ್ ಇದೆಯಲ್ಲ ಎಂದು ಸೇದುವವರು ಒಳಗೇ ಕೂರುತ್ತಾರೆ. ಹಾಗಾಗಿ ಬೇಡಿಕೆ ಯಾವತ್ತೂ ಇಡೀ ಮನೆಗೆ ಮತ್ತು ಕಾಯಂ, ಮಗು ಇಲ್ಲದ ದಿನವೂ ಸೇರಿ.

ತಂದೆಮನೆಯಲ್ಲಿ ಮಗು ಮೊದಲ ಸಲ ರಾತ್ರಿ ಉಳಿಯುವ ಮುಂಚೆ ಆ ಮನೆ ತೊಳೆಸಲೇಬೇಕು, ಯಾಕೆಂದರೆ ಹಳೆಯ ನಿಕೋಟಿನ್ ಗೋಡೆ-ಬಟ್ಟೆಗಳಿಂದ ತಿಂಗಳುಗಟ್ಟಲೆ ಹೊರಬರುತ್ತದೆ. ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ಮಳೆಯಲ್ಲಿ ಏನೂ ಒಣಗುವುದಿಲ್ಲ. ದಿಂಬು, ಹತ್ತಿ ಹಾಸಿಗೆ ತೊಳೆದು ಪ್ರಯೋಜನವಿಲ್ಲ, ಎಸೆಯಿರಿ. ಪರದೆ, ಸೋಫಾ ಕವರ್ ಬಿಸಿನೀರಲ್ಲಿ ಎರಡು ಸಲ. ಎಸಿಗೆ ಜೆಟ್ ವಾಶ್, ಫ್ಯಾನಿನ ರೆಕ್ಕೆಯ ಮೇಲ್ಬದಿ ಮರೆಯಬೇಡಿ. ಎಮಲ್ಷನ್ ಗೋಡೆಯಾದರೆ ಒಣ ಬಟ್ಟೆಯಲ್ಲಿ ಧೂಳು ತೆಗೆದು, ಒಂದು ಪಾಲು ಬಿಳಿ ವಿನೆಗರಿಗೆ ಎರಡು ಪಾಲು ನೀರು ಬೆರೆಸಿ ಕೆಳಗಿನಿಂದ ಮೇಲಕ್ಕೆ ಒರೆಸಿ. ಮೇಲಿನಿಂದ ಶುರು ಮಾಡಿದರೆ ಕಂದು ನೀರು ಇಳಿದು ಒಣ ಗೋಡೆಯಲ್ಲಿ ಗೆರೆ ಉಳಿಯುತ್ತದೆ. ಬಕೆಟ್ ನೀರು ಚಹಾದ ಬಣ್ಣಕ್ಕೆ ತಿರುಗಿದಾಗೆಲ್ಲ ಬದಲಿಸಿ. ವಿನೆಗರ್ ಜೊತೆ ಬ್ಲೀಚ್ ಸೇರಿಸಲೇಬಾರದು, ಕ್ಲೋರಿನ್ ಅನಿಲ ಬರುತ್ತದೆ. ರೆಡ್ ಆಕ್ಸೈಡ್ ನೆಲಕ್ಕೂ ವಿನೆಗರ್ ಬೇಡ, ಹೊಳಪು ಹೋಗುತ್ತದೆ. ಸೋಪಿನ ನೀರು ಸಾಕು. ಡಿಸ್ಟೆಂಪರ್ ಗೋಡೆ ಒರೆಸಿದರೆ ಕಿತ್ತು ಬರುತ್ತದೆ, ಅದನ್ನು ಕೆರೆಸಿಯೇ ತೆಗೆಸಬೇಕು.

ದುಡ್ಡು ಉಳಿಸಲು ಸುಣ್ಣ ಹೊಡೆಸಿದಲ್ಲಿ ಗೋಡೆಯ ವಾಸನೆ ಇನ್ನೂ ಜೋರಾಯಿತು. ಸುಣ್ಣ ಕ್ಷಾರ, ಗೋಡೆಗೆ ಅಂಟಿದ ನಿಕೋಟಿನ್ ಕ್ಷಾರಕ್ಕೆ ಸಿಕ್ಕರೆ ಆವಿಯಾಗಿ ಏಳುತ್ತದೆ, ವಿನೆಗರಿನಂಥ ಆಮ್ಲಕ್ಕೆ ಕರಗಿ ಬಟ್ಟೆಗೆ ಬರುತ್ತದೆ. ತೊಳೆದ ಮೇಲೆ ಬರೀ ಎಮಲ್ಷನ್ ಹೊಡೆದರೂ ಸಾಲದು, ಮೊದಲ ಮಳೆಗೆ ಹಳದಿ ಕಲೆ ಮೇಲೆ ಬರುತ್ತದೆ. ಕಲೆ ತಡೆಯುವ ಸಾಲ್ವೆಂಟ್ ಪ್ರೈಮರ್ ಒಂದು ಕೋಟ್, ಮೇಲೆ ಎಮಲ್ಷನ್ ಎರಡು. ಎರಡು ಬೆಡ್‌ರೂಮಿನ ಫ್ಲಾಟಿಗೆ ಬಣ್ಣವೂ ಸೇರಿ ಮೂವತ್ತೈದು, ನಲವತ್ತು ಸಾವಿರ ಆದೀತು. ಬಣ್ಣ ಬಿಟ್ಟರೆ ಹತ್ತರೊಳಗೆ. ಈ ಖರ್ಚಿನಲ್ಲಿ ಮೂರನೇ ಒಂದು ಪಾಲನ್ನಾದರೂ ತಾಯಿ ಕಡೆಯವರು ಹಾಕಿದರೆ ಕೆಲಸ ಬೇಗ ಆಗುತ್ತದೆ. ‘ನಾವ್ಯಾಕೆ ಕೊಡಬೇಕು’ ಎಂದು ಕೇಳುವವರಿಗೆ ವಕೀಲರ ಎರಡು ಹಿಯರಿಂಗಿನ ಬಿಲ್ಲು ತೋರಿಸಿದರೆ ಸಾಕು.

ಕರಡಿನ ಮುಖ್ಯ ಸಾಲುಗಳು ಹೀಗಿವೆ: ‘ಸಿಗರೇಟು, ಬೀಡಿ, ಇ-ಸಿಗರೇಟು ಯಾವುದರ ಹೊಗೆಯೂ ಆವಿಯೂ ಮನೆಯ ಗೋಡೆಯೊಳಗೆ, ಬಾಲ್ಕನಿಯಲ್ಲಿ, ಕಾರಿನಲ್ಲಿ ಯಾವ ದಿನವೂ ಇರತಕ್ಕದ್ದಲ್ಲ, ಅಜ್ಜ, ಮಾವ, ಸ್ನೇಹಿತರು ಸೇರಿ ಮನೆಗೆ ಬರುವ ಎಲ್ಲರಿಗೂ ಇದು ಅನ್ವಯ. ಸೇದುವ ಜಾಗ ಕಿಟಕಿ-ಬಾಗಿಲಿನಿಂದ 20 ಅಡಿ ದೂರ. ಸೇದಿದ ಮೇಲೆ ಕಾಲು ಗಂಟೆ ಹೊರಗಿದ್ದು, ಅಂಗಿ ಬದಲಿಸಿ, ಕೈ-ಮುಖ ತೊಳೆದು ಮಗುವಿನ ಬಳಿ ಬರತಕ್ಕದ್ದು.’ ಇ-ಸಿಗರೇಟನ್ನು 2019ರಲ್ಲೇ ನಿಷೇಧಿಸಿದ್ದರೂ ಹೆಸರು ಹಿಡಿದು ಬರೆಯಿರಿ, ಇಲ್ಲದಿದ್ದರೆ ‘ಅದು ಹೊಗೆಯಲ್ಲ’ ಎನ್ನುತ್ತಾರೆ. ಕಾರಿಗೆ ಕ್ಯಾಬಿನ್ ಫಿಲ್ಟರ್ ಹೊಸದು ಹಾಕಿಸಿ, ಸೀಟಿನ ಬಟ್ಟೆಯ ಜೊತೆ ಒಳಚಾವಣಿಯ ಬಟ್ಟೆಯನ್ನೂ ಶಾಂಪೂ ಮಾಡಿಸಿ. ಮಂಗಳೂರು-ಉಡುಪಿ ದಾರಿಯುದ್ದಕ್ಕೂ ಮಗು ಆ ಡಬ್ಬಿಯೊಳಗೆ ಕೂರಬೇಕು.

ಬೇಸಿಗೆಯಲ್ಲಿ ಬರೆದ ಒಪ್ಪಂದ ಮುರಿಯುವುದು ಆಟಿ ತಿಂಗಳಲ್ಲಿ, ತುಳುನಾಡಿನ ಜೋರು ಮಳೆಯ ತಿಂಗಳಲ್ಲಿ. ಅಂಗಳದಲ್ಲಿ ನಿಲ್ಲಲಾಗದ ಮಳೆಗೆ ಸೇದುವವರು ಸಿಟ್‌ಔಟಿಗೆ, ಅಲ್ಲಿಂದ ಒಳಗೆ ಬರುತ್ತಾರೆ. ಮಳೆಗೆ ನಿಲ್ಲುವ ಜಾಗ ಯಾವುದೆಂದು ಸಹಿಗೆ ಮೊದಲೇ ಹೋಗಿ ನೋಡಿ ಬರೆಯಬೇಕು: ಕಟ್ಟಿಗೆ ಕೊಟ್ಟಿಗೆಯೋ, ಬಾವಿಕಟ್ಟೆಯ ಪಕ್ಕದ ತಗಡಿನ ಮಾಡೋ. ಫ್ಲಾಟಿನವರಿಗೆ ಅಂಥ ಜಾಗ ಇಲ್ಲದಿದ್ದರೆ ಭೇಟಿಯ ಎರಡು ದಿನಕ್ಕೆ 2 ಮಿಲಿಗ್ರಾಂ ನಿಕೋಟಿನ್ ಗಮ್. ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಗಮ್ಮನ್ನು ಮಗುವಿನ ಕೈಗೆಟುಕದಲ್ಲಿ ಇಡಬೇಕು ಎಂದೂ ಸೇರಿಸಿ.

ಮಗುವನ್ನು ಮಾತ್ರ ಸಾಕ್ಷಿ ಮಾಡಬೇಡಿ. ಭಾನುವಾರ ಸಂಜೆ ಬಾಗಿಲಲ್ಲೇ ಅಂಗಿ ಮೂಸಿ ನೋಡುವುದು, ‘ಪಪ್ಪ ಸೇದಿದ್ರಾ’ ಎಂದು ಕೇಳುವುದು ಬಂದ್ ಆಗಬೇಕು. ನಾಲ್ಕನೇ ಕ್ಲಾಸಿನ ಮಗುವಿಗೂ ಗೊತ್ತಾಗುತ್ತದೆ ತನ್ನ ಉತ್ತರದಿಂದ ಏನಾಗುತ್ತದೆ ಎಂದು. ಆಮೇಲೆ ಅದು ಎರಡೂ ಕಡೆ ಸುಳ್ಳು ಹೇಳಲು ಕಲಿಯುತ್ತದೆ. ಅದಕ್ಕೇ ತಂದೆಮನೆಯ ಬಟ್ಟೆ ತಂದೆಮನೆಯಲ್ಲೇ ಇರಲಿ, ಅಲ್ಲೇ ಒಗೆಯಲಿ. ಉಬ್ಬಸದ ಮಗುವಾದರೆ ಇನ್‌ಹೇಲರ್, ಅದಕ್ಕೆ ಸಿಕ್ಕಿಸುವ ಸ್ಪೇಸರ್ ಕೊಳವೆ ಎರಡೂ ಮನೆಯಲ್ಲಿ ಒಂದೊಂದು ಜೊತೆ.

ತಪ್ಪಿದರೆ ಭೇಟಿ ರದ್ದು ಎಂದು ಬರೆಯಬೇಡಿ. ಮಗುವಿಗೆ ಅಪ್ಪನೇ ಇಲ್ಲದಂತಾಗುತ್ತದೆ. ಬದಲಿಗೆ ಮುಂದಿನ ಎರಡು ರಾತ್ರಿ ವಾಸ್ತವ್ಯ ಹಗಲಿನ ಭೇಟಿಯಾಗುತ್ತದೆ, ಕದ್ರಿ ಪಾರ್ಕೋ ಪಿಲಿಕುಳದ ನಿಸರ್ಗಧಾಮವೋ ಮಲ್ಪೆ ಬೀಚೋ, ಆಮೇಲೆ ಮತ್ತೆ ಮನೆ. ಸೇದುವುದನ್ನು ಬಿಡುವ ಷರತ್ತನ್ನೂ ಹಾಕುವುದಿಲ್ಲ. ತಂಬಾಕು ಬಿಡಲು ನೆರವಾಗುವ ಕೇಂದ್ರ ಸರ್ಕಾರದ ಕ್ವಿಟ್‌ಲೈನ್ ನಂಬರ್ 1800-11-2356 ಕೊನೆಯ ಪುಟದಲ್ಲಿರುತ್ತದೆ, ಅಷ್ಟೆ. ಕರೆ ಮಾಡಲೇಬೇಕು ಎಂದು ಬರೆದಲ್ಲಿ ಯಾರೂ ಮಾಡಲಿಲ್ಲ. ಬರೀ ನಂಬರ್ ಕೊಟ್ಟಲ್ಲಿ ಕೆಲವರು ಮಾಡಿದ್ದಾರೆ.