ಪೆರುಚಾಟ್ಸ್‌ನಲ್ಲಿ ಎರಡು ದಿನ: ಹೋಗುವುದು ಹೇಗೆ, ನೋಡುವುದೇನು?

ಸರ್ಬಿಯಾಕ್ಕೆ ಹೋದವರಲ್ಲಿ ಬೆಲ್‌ಗ್ರೇಡ್ ಸುತ್ತಿ ವಾಪಸಾಗುವವರೇ ಜಾಸ್ತಿ. ಕೈಯಲ್ಲಿ ಇನ್ನೆರಡು ದಿನ ಇದ್ದರೆ ಪೆರುಚಾಟ್ಸ್‌ಗೆ ಹೋಗಿ. ಇದು ದ್ರಿನಾ ನದಿ ದಂಡೆಯ ಹಳ್ಳಿ. ಹಿಂದೆ ತಾರಾ ಬೆಟ್ಟ, ಆಚೆ ದಡ ಬೋಸ್ನಿಯಾ.

1. ಮೊದಲು ವೀಸಾ

2023ರಿಂದ ಭಾರತೀಯರಿಗೆ ಸರ್ಬಿಯಾ ವೀಸಾ ಕಡ್ಡಾಯ. ಚಾಲ್ತಿಯಲ್ಲಿರುವ ಷೆಂಗೆನ್, ಬ್ರಿಟನ್ ಅಥವಾ ಅಮೆರಿಕ ವೀಸಾ ಇದ್ದವರಿಗೆ ವಿನಾಯಿತಿ ಇದೆ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡಿಸುವ ಮುಂಚೆ ರಾಯಭಾರ ಕಚೇರಿಯಲ್ಲಿ ವಿಚಾರಿಸಿ.

2. ತಲುಪುವುದು

ಬೆಲ್‌ಗ್ರೇಡ್‌ನಿಂದ ಬಾಯಿನಾ ಬಾಷ್ಟಾ ಪಟ್ಟಣಕ್ಕೆ ಬಸ್ಸಿದೆ, ಸುಮಾರು ನಾಲ್ಕು ಗಂಟೆ ದಾರಿ. ಅಲ್ಲಿಂದ ಹಳ್ಳಿ ಹದಿಮೂರು ಕಿ.ಮೀ. ಖರ್ಚಿಗೆ ದಿನಾರ್ ನೋಟು ಇಟ್ಟುಕೊಳ್ಳಿ, ಇಲ್ಲಿ ನಡೆಯುವುದು ಯೂರೋ ಅಲ್ಲ.

3. ಒಂದು ಇಡೀ ನದಿ ನಡೆಯಿರಿ

ವ್ರೆಲೊ ನದಿಯ ಉದ್ದ ಬರೀ 365 ಮೀಟರ್. ದಿನಕ್ಕೊಂದು ಮೀಟರ್ ಲೆಕ್ಕದಲ್ಲಿ ಊರಿನವರು ಇದನ್ನು ‘ಗೊದಿನಾ’, ಅಂದರೆ ‘ವರ್ಷ’ ಅಂತಲೂ ಕರೆಯುತ್ತಾರೆ. ಮೇಲಿನಿಂದ ಶುರು ಮಾಡಿ. ತಾರಾ ಬೆಟ್ಟದ ಸುಣ್ಣಕಲ್ಲಿನೊಳಗೆ ಇಳಿದ ಮಳೆನೀರು ಬುಡದಲ್ಲಿ ಒಮ್ಮೆಲೇ ಹೊರಗೆ ಬರುತ್ತದೆ. ನೀರು ಎಷ್ಟು ತಿಳಿ ಅಂದರೆ ತಳದ ಪಾಚಿ ಅಲುಗುವುದೂ ಕಾಣುತ್ತದೆ. ಟ್ರೌಟ್ ಮೀನಿನ ಸಾಕಣೆ ಕೊಳಗಳನ್ನು ದಾಟಿ ಕೆಳಗೆ ಬಂದರೆ ನದಿ ಜಲಪಾತವಾಗಿ ಸೀದಾ ದ್ರಿನಾಕ್ಕೆ ಬೀಳುತ್ತದೆ. ಹತ್ತು ನಿಮಿಷದಲ್ಲಿ ಮುಗಿಸಬಹುದು, ಆದರೆ ಹಾಗೆ ಓಡಬೇಡಿ.

4. ಕಲ್ಲುಗಳ ಹತ್ತಿರ ಕೂತು ನೋಡಿ

ಹಳ್ಳಿಯಲ್ಲೇ ಮ್ರಾಮೊರ್ಯೆ ಎಂಬ ಮಧ್ಯಯುಗದ ಸ್ಮಶಾನವಿದೆ. ‘ಸ್ತೆಚ್ಚಿ’ ಎನ್ನುವ ಈ ಸಮಾಧಿ ಕಲ್ಲುಗಳು 2016ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಕೆಲವು ಚಪ್ಪಡಿ, ಕೆಲವು ಪೆಟ್ಟಿಗೆಯಂಥವು, ಇನ್ನು ಕೆಲವಕ್ಕೆ ಮನೆಯ ಇಳಿಜಾರು ಸೂರಿನ ಆಕಾರ. ಬೆಳಗ್ಗೆ ಅಥವಾ ಸಂಜೆ ಹೋಗಿ. ನಡುಮಧ್ಯಾಹ್ನದ ಬಿಸಿಲಲ್ಲಿ ಎಲ್ಲ ಒಂದೇ ಥರ ಕಾಣುತ್ತವೆ. ಮೇಲೆ ಹತ್ತಿ ಫೋಟೊ ಬೇಡ, ಕೆಳಗಿರುವುದು ಗೋರಿ.

5. ಎರಡನೇ ದಿನ ನೀರು, ಕಾಡು

1966ರ ಅಣೆಕಟ್ಟಿನ ಹಿಂದೆ ಪೆರುಚಾಟ್ಸ್ ಸರೋವರವಿದೆ. ಬೇಸಿಗೆಯಲ್ಲಿ ಈಜಬಹುದು. ದ್ರಿನಾ ಕಣಿವೆಯೊಳಗೆ ವಿಶೆಗ್ರಾದ್ ತನಕ ದೋಣಿಯೂ ಹೋಗುತ್ತದೆ. ಅದು ಬೇರೆ ದೇಶ, ಬೋಸ್ನಿಯಾಕ್ಕೆ ಹೋಗುವ ಅನುಮತಿ ಇಲ್ಲದೆ ಹತ್ತಬೇಡಿ. ಸರೋವರವನ್ನು ಮೇಲಿನಿಂದ ನೋಡಲು ತಾರಾ ರಾಷ್ಟ್ರೀಯ ಉದ್ಯಾನದ ಬಾನ್ಯಸ್ಕಾ ಸ್ತೆನಾ ಬಂಡೆಯೇ ಸರಿ. ಕಾಡಿನಲ್ಲಿ ಸಪೂರ, ನೆಟ್ಟಗಿನ ಮರ ಕಂಡರೆ ನಿಲ್ಲಿ. ಅದು ಒಮೊರಿಕಾ ಇರಬಹುದು. ಸಸ್ಯವಿಜ್ಞಾನಿ ಯೋಸಿಫ್ ಪಾಂಚಿಚ್ 1875ರಲ್ಲಿ ಗುರುತಿಸಿದ ಈ ಮರ ಕಾಡಲ್ಲಿ ತಾನಾಗಿ ಬೆಳೆಯುವುದು ದ್ರಿನಾದ ಆಸುಪಾಸಿನಲ್ಲಿ ಮಾತ್ರ.

6. ಊಟ

ಈ ಕಡೆಯ ಬೆಳಗಿನ ತಿಂಡಿ ಕೊಂಪ್ಲೆತ್ ಲೆಪಿನ್ಯಾ: ಬಿಸಿ ರೊಟ್ಟಿಯೊಳಗೆ ಮೊಟ್ಟೆ, ಕೆನೆಯಂಥ ಕಾಯ್ಮಾಕ್. ಸಸ್ಯಾಹಾರಿಗಳೇ, ಹುಷಾರು! ಮೇಲೆ ಮಾಂಸದ ರಸ ಸುರಿಯುತ್ತಾರೆ. ‘ಬೆಜ್ ಮೆಸಾ’ ಅಂದರೆ ಮಾಂಸ ಬೇಡ ಅಂತ ಅರ್ಥ, ರಸ ಬೇಡ ಅನ್ನುವುದನ್ನು ಬೇರೆಯಾಗಿಯೇ ಹೇಳಬೇಕು.

ದ್ರಿನಾ ನದಿ ನಡುವಿನ ಬಂಡೆ ಮೇಲಿನ ಪ್ರಸಿದ್ಧ ಪುಟ್ಟ ಮನೆ ಬಾಯಿನಾ ಬಾಷ್ಟಾದಲ್ಲಿದೆ. ಅದಕ್ಕೆ ಹತ್ತು ನಿಮಿಷ ಸಾಕು, ವಾಪಸ್ ಬಸ್ಸಿಗೆ ಕಾಯುವಾಗ ನೋಡಿಕೊಳ್ಳಿ.