'ಫೋನ್ ಮಾಡಿ ಹೇಳಿದ್ದೆ' ಅಂದರೆ ಕೌನ್ಸಿಲ್ ಕೇಳಲ್ಲ

ಇಂಗ್ಲೆಂಡಿಗೆ ಬಂದು ಮನೆ ಹಿಡಿದ ಕೆಲವೇ ದಿನಕ್ಕೆ ಬಾಗಿಲ ಹಿಂದೆ ಒಂದು ಲಕೋಟೆ ಬಿದ್ದಿರುತ್ತದೆ. ಕೌನ್ಸಿಲ್ ಟ್ಯಾಕ್ಸ್ ಬಿಲ್. ಕೌನ್ಸಿಲ್ ಅಂದರೆ ಇಲ್ಲಿನ ನಗರಸಭೆ ಇದ್ದ ಹಾಗೆ. ನಮ್ಮ ಕಡೆ ಮನೆ ಕಂದಾಯ ಅಂದರೆ ಮಾಲೀಕರ ತಲೆನೋವು, ಅಲ್ವಾ? ಇಲ್ಲಿ ಹಾಗಲ್ಲ. ಸಾಮಾನ್ಯವಾಗಿ ಮನೆಯಲ್ಲಿ ಯಾರು ವಾಸ ಇದ್ದಾರೋ ಅವರೇ ಕಟ್ಟಬೇಕು. ಒಂದೇ ಮನೆಯಲ್ಲಿ ಒಬ್ಬೊಬ್ಬರೂ ಬೇರೆ ಬೇರೆ ಕರಾರು ಮಾಡಿಕೊಂಡು, ರೂಮು ಮಾತ್ರ ಬಾಡಿಗೆಗೆ ಹಿಡಿದಿದ್ದರೆ ಹೊಣೆ ಮಾಲೀಕರದು. ಬಿಲ್ ನಿಮ್ಮ ಹೆಸರಿಗೆ ಬಂದಿದ್ದರೆ ಸುಮ್ನೆ ಕಟ್ಟಬೇಡಿ, ಮೊದಲು ಕರಾರು ತೆಗೆದು ನೋಡಿ.

ನನ್ನ ಕಥೆ ಕೇಳಿ. ಮೊದಲ ಫ್ಲ್ಯಾಟ್ ಬಿಟ್ಟು ಬೇರೆ ಊರಿಗೆ ಹೊರಟಾಗ ಕೌನ್ಸಿಲ್‌ಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬರು ಸಿಕ್ಕರು. "ನೋಟ್ ಮಾಡ್ಕೊಂಡಿದೀನಿ" ಅಂದರು. ನಾನೂ ನಿಶ್ಚಿಂತೆಯಿಂದ ಹೊರಟೆ. ಅಲ್ಲಿ ಏನೂ ನೋಟ್ ಆಗಿರಲಿಲ್ಲ. ಬಿಲ್ಲು, ರಿಮೈಂಡರ್, ಕೋರ್ಟಿನ ಸಮನ್ಸ್ ಎಲ್ಲಾ ಹಳೇ ಫ್ಲ್ಯಾಟಿಗೇ ಹೋಗಿವೆ. ಐದು ತಿಂಗಳ ಮೇಲೆ ಹೊಸ ವಿಳಾಸ ಹುಡುಕಿಕೊಂಡು ಬಂದದ್ದು ಬೇಲಿಫ್, ಅಂದರೆ ಬಾಕಿ ವಸೂಲಿ ಮಾಡುವವರ ಪತ್ರ. ನನ್ನ ಹೆಂಡತಿ ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓದಿದಳು. "ಇದೇನ್ರೀ, ಸಾಮಾನು ಜಪ್ತಿ ಮಾಡ್ತೀವಿ ಅಂತ ಬರ್ದಿದ್ದಾರೆ!" ಅಂದಳು. ಆ ಪತ್ರದ ಮೂಲೆಯಲ್ಲಿ ಹಿಟ್ಟಿನ ಬೆರಳಚ್ಚು ಇನ್ನೂ ಇದೆ.

ನನ್ನನ್ನು ಉಳಿಸಿದ್ದು ಎರಡೇ ವಸ್ತು. ಕೀಲಿ ವಾಪಸ್ ಕೊಟ್ಟ ದಿನ ಏಜೆಂಟ್ ಕಳಿಸಿದ ಈಮೇಲು, ಮತ್ತೆ ಅದೇ ದಿನ ತೆಗೆದ ಗ್ಯಾಸ್ ಮೀಟರಿನ ಫೋಟೋ. ಎರಡನ್ನೂ ಲಗತ್ತಿಸಿ ದೂರು ಬರೆದೆ. ಮೂರು ವಾರಕ್ಕೆ ಆ ತಿಂಗಳುಗಳ ಬಿಲ್ಲು, ಸಮನ್ಸ್ ಖರ್ಚು, ಬೇಲಿಫ್ ಎಲ್ಲಾ ರದ್ದಾಯಿತು. ಆಮೇಲಿಂದ ಫೋನ್ ಮಾಡಿದರೂ ಅವತ್ತೇ ಒಂದು ಮೇಲ್ ಹಾಕುತ್ತೇನೆ: ಇಂಥ ದಿನ, ಇಷ್ಟು ಹೊತ್ತಿಗೆ, ಇಂಥವರ ಹತ್ತಿರ ಮಾತಾಡಿದೆ, ಅವರು ಹೀಗೆ ಹೇಳಿದರು. ಎರಡು ಸಾಲು ಸಾಕು.

ಇಷ್ಟು ಬೇಗ ಬೇಲಿಫ್ ತನಕ ಹೇಗೆ ಹೋಗುತ್ತೆ ಅಂತ ಹೊಸಬರಿಗೆ ಆಶ್ಚರ್ಯ. ಬಿಲ್ಲನ್ನು ಸಾಮಾನ್ಯವಾಗಿ 10 ಕಂತು ಮಾಡಿರುತ್ತಾರೆ, ಏಪ್ರಿಲ್‌ನಿಂದ ಜನವರಿವರೆಗೆ. 12 ಕಂತು ಬೇಕು ಅಂತ ಕೇಳಿದರೆ ಮಾಡಿಕೊಡುತ್ತಾರೆ. ಒಂದು ಕಂತು ತಪ್ಪಿದರೆ ರಿಮೈಂಡರ್ ಬರುತ್ತದೆ. 7 ದಿನದಲ್ಲಿ ಕಟ್ಟದಿದ್ದರೆ ವರ್ಷದ ಉಳಿದ ಹಣವನ್ನೆಲ್ಲಾ ಒಟ್ಟಿಗೇ ಕೇಳಬಹುದು. ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟು. ಅದಕ್ಕೇ ಹೇಳೋದು, ಜಗಳ ನಡೆಯುತ್ತಿದ್ದರೂ ಕಂತು ಕಟ್ಟುತ್ತಾ ಇರಿ. ಗೆದ್ದರೆ ಹಣ ವಾಪಸ್ ಬರುತ್ತದೆ.

ಈಗ ವೀಸಾ ಮಾತು. ವರ್ಕ್ ವೀಸಾ, ಸ್ಟೂಡೆಂಟ್ ವೀಸಾದಲ್ಲಿ 'ಪಬ್ಲಿಕ್ ಫಂಡ್ಸ್ ಇಲ್ಲ', ಅಂದರೆ ಸರ್ಕಾರದ ಕೆಲವು ಸಹಾಯಧನ ಪಡೆಯುವಂತಿಲ್ಲ ಅನ್ನೋ ಷರತ್ತು ಇರುತ್ತದೆ. ಬಾಡಿಗೆಗೆ ಸಹಾಯ ಮಾಡುವ ಹೌಸಿಂಗ್ ಬೆನಿಫಿಟ್ ಮತ್ತು ಆದಾಯ ನೋಡಿ ಕೊಡುವ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಎರಡೂ ಪಬ್ಲಿಕ್ ಫಂಡ್ಸೇ. ಐಎಲ್‌ಆರ್ (ಇಲ್ಲೇ ಕಾಯಂ ನೆಲೆಸುವ ಅನುಮತಿ) ಸಿಗುವವರೆಗೆ ಅರ್ಜಿ ಹಾಕಲೇಬೇಡಿ, ಪಕ್ಕದ ಮನೆಯವರು ಎಷ್ಟೇ ಹುರಿದುಂಬಿಸಲಿ. ಆದರೆ ಭಯ ಬಿದ್ದು ನಿಮ್ಮ ಹಕ್ಕಿನ ರಿಯಾಯಿತಿಯನ್ನೂ ಬಿಡಬೇಡಿ. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ಶೇ. 25 ಕಡಿತ ಇದೆ. ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಪೂರ್ತಿ ಮಾಫಿ. ಇವು ಪಬ್ಲಿಕ್ ಫಂಡ್ಸ್ ಅಲ್ಲ. ದೂರು ಕೊಟ್ಟರೆ ವೀಸಾಗೆ ಏಟು ಬೀಳುತ್ತಾ ಅಂತಲೂ ಜಾಸ್ತಿ ಜನ ಕೇಳುತ್ತಾರೆ. ಇಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ಕೌಂಟರಿನಲ್ಲಿ ಕೂತವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಹೆಂಡತಿ ಪಿಎಚ್‌ಡಿ ಮಾಡುತ್ತಿದ್ದಾಳೆ, ಗಂಡ ಅವಳ ಡಿಪೆಂಡೆಂಟ್ ವೀಸಾದಲ್ಲಿದ್ದಾನೆ ಅಂತಿಟ್ಟುಕೊಳ್ಳಿ. ಗಂಡ ಬ್ರಿಟಿಷ್ ಪ್ರಜೆಯಲ್ಲ, ವೀಸಾದಲ್ಲಿ ಬೆನಿಫಿಟ್ ಪಡೆಯುವಂತಿಲ್ಲ ಅಂತ ಇದೆ. ಆಗ ಟ್ಯಾಕ್ಸಿಗೆ ಮನೆಯ ವಯಸ್ಕರನ್ನು ಎಣಿಸುವಾಗ ಅವನನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅವನು ಕೆಲಸಕ್ಕೆ ಹೋಗುತ್ತಿದ್ದರೂ ಅಷ್ಟೇ. ಮನೆಯಲ್ಲಿ ಇವರಿಬ್ಬರೇ ಇದ್ದರೆ ಇಡೀ ಮನೆಗೆ ಮಾಫಿ. ಕೌನ್ಸಿಲ್ 'ಗಂಡ ವಿದ್ಯಾರ್ಥಿ ಅಲ್ವಲ್ಲ' ಅಂತ ಶೇ. 75 ಬಿಲ್ ಕಳಿಸಿದರೆ ಒಪ್ಪಿಕೊಳ್ಳಬೇಡಿ. ಕೋರ್ಸ್ ಮುಗಿದ ಮರುದಿನದಿಂದ ಮಾತ್ರ ಮೀಟರ್ ಓಡಲು ಶುರು, ಅದನ್ನು ನೀವಾಗಿಯೇ ತಿಳಿಸಿ.

ಎಡವುವುದು ಜಾಸ್ತಿ ಇಲ್ಲಿ: ದೂರು ಬೇರೆ, ಅಪೀಲು ಬೇರೆ. ಉತ್ತರ ಕೊಡಲಿಲ್ಲ, ತಡ ಮಾಡಿದರು, ದಾಖಲೆ ಕಳೆದುಹಾಕಿದರು ಅನ್ನೋದು ದೂರು. ಅದನ್ನು ಮೊದಲು ಕೌನ್ಸಿಲ್‌ಗೇ ಕೊಡಬೇಕು. ಸಾಮಾನ್ಯವಾಗಿ ಎರಡು ಹಂತ ಇರುತ್ತದೆ. ಅಲ್ಲಿ ಬಗೆಹರಿಯದಿದ್ದರೆ ಲೋಕಲ್ ಗವರ್ನಮೆಂಟ್ ಅಂಡ್ ಸೋಶಿಯಲ್ ಕೇರ್ ಒಂಬುಡ್ಸ್‌ಮನ್, ಅಂದರೆ ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಕಚೇರಿ. ಖರ್ಚಿಲ್ಲ. ವಿಷಯ ನಿಮಗೆ ಗೊತ್ತಾದ 12 ತಿಂಗಳೊಳಗೆ ಹೋಗಬೇಕು.

ನಿರ್ಧಾರವೇ ತಪ್ಪು, ರಿಯಾಯಿತಿ ಕೊಡಲಿಲ್ಲ, ನಾನು ಕಟ್ಟಬೇಕಾದವನೇ ಅಲ್ಲ ಅನ್ನೋದು ಅಪೀಲು. ಮೊದಲು ಕೌನ್ಸಿಲ್‌ಗೆ ಬರೆಯಿರಿ. ಅವರಿಗೆ 2 ತಿಂಗಳು ಸಮಯ. ಇಲ್ಲ ಅಂದರೆ, ಅಥವಾ ಬಾಯೇ ಬಿಡದಿದ್ದರೆ, ಮುಂದಿನ 2 ತಿಂಗಳಲ್ಲಿ ಇಂಥ ತಕರಾರು ತೀರ್ಮಾನಿಸುವ ವ್ಯಾಲ್ಯುಯೇಷನ್ ಟ್ರಿಬ್ಯುನಲ್‌ಗೆ ಹೋಗಬಹುದು. ಅದಕ್ಕೂ ಶುಲ್ಕ ಇಲ್ಲ. ಇಂಥದ್ದನ್ನು ಒಂಬುಡ್ಸ್‌ಮನ್ ಹತ್ತಿರ ಒಯ್ದರೆ ಸಾಮಾನ್ಯವಾಗಿ 'ಟ್ರಿಬ್ಯುನಲ್‌ಗೆ ಹೋಗಿ' ಅಂತ ವಾಪಸ್ ಕಳಿಸುತ್ತಾರೆ. ಅಷ್ಟರಲ್ಲಿ ಗಡುವು ದಾಟಿರುತ್ತದೆ. ನಮ್ಮವರೊಬ್ಬರು ಹೀಗೆ ಕಳೆದುಕೊಂಡಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಹೌಸಿಂಗ್ ಬೆನಿಫಿಟ್ ಈಗ ಹೊಸದಾಗಿ ಸಿಗೋದು ಹೆಚ್ಚಾಗಿ ಪಿಂಚಣಿ ವಯಸ್ಸಿನವರಿಗೆ. ಮಿಕ್ಕವರಿಗೆ ಯೂನಿವರ್ಸಲ್ ಕ್ರೆಡಿಟ್ ಅನ್ನೋ ಕೇಂದ್ರ ಸರ್ಕಾರದ ಸಹಾಯಧನ, ಅದು ಕೌನ್ಸಿಲ್ ಕೈಯಲ್ಲಿಲ್ಲ. 'ಜಾಸ್ತಿ ಕೊಟ್ಟಿದ್ದೇವೆ, ವಾಪಸ್ ಕಟ್ಟಿ' ಅನ್ನೋ ಪತ್ರ ಹಿರಿಯರಿಗೆ ಬಂದರೆ ಒಂದು ತಿಂಗಳೊಳಗೆ ಪ್ರಶ್ನಿಸಿ. ತಪ್ಪು ಕಚೇರಿಯದೇ ಆಗಿದ್ದು, ಅದು ಹಿರಿಯರಿಗೆ ತಿಳಿಯುವ ಹಾಗೂ ಇರಲಿಲ್ಲ ಅಂದರೆ ಆ ಹಣ ವಸೂಲಿ ಮಾಡುವಂತಿಲ್ಲ.

ಪತ್ರ ಬರೆದೂ ಸುದ್ದಿ ಇಲ್ಲವಾದರೆ ವಾರ್ಡ್ ಕೌನ್ಸಿಲರ್ ಹತ್ತಿರ ಹೋಗಿ. ನಮ್ಮ ಕಾರ್ಪೊರೇಟರ್ ಇದ್ದ ಹಾಗೆ, ಆದರೆ ಹಿಂದೆ ಮುಂದೆ ಹುಡುಗರು ಇರುವುದಿಲ್ಲ. ನಮ್ಮವರೂ ಆ ಜಾಗದಲ್ಲಿ ಕೂತಿದ್ದುಂಟು. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ್ ಕಲಬುರಗಿ ಕಡೆಯವರು. 2015ರಲ್ಲಿ ಥೇಮ್ಸ್ ದಡದಲ್ಲಿ ಬಸವಣ್ಣನ ಪ್ರತಿಮೆ ನಿಲ್ಲಿಸಲು ಓಡಾಡಿದವರೂ ಅವರೇ. ಕೌನ್ಸಿಲರ್ ಜನರನ್ನು ಭೇಟಿ ಮಾಡುವ ಹೊತ್ತಿಗೆ ಇಲ್ಲಿ 'ಸರ್ಜರಿ' ಅನ್ನುತ್ತಾರೆ. ಬೋರ್ಡ್ ನೋಡಿ ನಾನು ಡಾಕ್ಟರ್ ಶಾಪ್ ಅಂದುಕೊಂಡು ಮುಂದೆ ಹೋಗಿದ್ದೆ! ಹೋಗುವಾಗ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಎರಡು ಸೆಟ್ ಜೆರಾಕ್ಸ್ ಒಯ್ಯಿರಿ. ಒಂದನ್ನು ಅವರ ಮೇಜಿನ ಮೇಲೆ ಬಿಟ್ಟು ಬನ್ನಿ.